ಹೊರಗಿನ ದಿನಗಳಿಗೆ ಕೂಲಿ ಇಲ್ಲ

ಬೆಳಗ್ಗೆ ಐದೂ ಮುಕ್ಕಾಲು. ಹೇಮಶ್ರೀಗೆ ಮುಟ್ಟು ನಿಂತಿರಲಿಲ್ಲ. ಅದು ಹನ್ನೊಂದನೆಯ ದಿನ.

ಮಾವಳ್ಳಿಯ ಆ ವಠಾರದಲ್ಲಿ ಆರು ಮನೆಗೆ ಒಂದೇ ಬಚ್ಚಲು. ಸರದಿ ಬಂದಾಗ ಅವಳು ತಲೆಗೆ ನೀರು ಹಾಕಿಕೊಂಡಳು. ಹೊಸ ಪ್ಯಾಡ್ ಇಟ್ಟುಕೊಂಡಳು. ಇನ್ನೊಂದನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದಳು. ತ್ಯಾಗರಾಜನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ತಾಯಿ ಮುನಿಯಮ್ಮ ಹೊರಟು ನಿಂತಿದ್ದವಳು ಮಗಳ ಒದ್ದೆ ತಲೆ ನೋಡಿದಳು.

"ನಿಂತಿತಾ?"

"ಇಲ್ಲ."

"ಮತ್ತೆ ಕೆಲ್ಸಕ್ಕೆ ಹೊರಟಿದೀಯ?"

"ಅಮ್ಮಾವ್ರೇ ಬಾ ಅಂದ್ರು."

ಮುನಿಯಮ್ಮ ಸೆರಗು ಸಿಕ್ಕಿಸಿಕೊಂಡಳು. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮರುದಿನ ಗೋಕುಲಾಷ್ಟಮಿ. ವರ್ಷದಲ್ಲಿ ಅತಿ ಹೆಚ್ಚು ಚಕ್ಕುಲಿ ಮಾರಾಟವಾಗುವುದು ಆ ಹಬ್ಬಕ್ಕೆ. ಚಾಮರಾಜಪೇಟೆಯ ಶೈಲಾ ಹೋಮ್ ಪ್ರಾಡಕ್ಟ್ಸ್‌ನಲ್ಲಿ ಹೇಮಶ್ರೀ ಆರು ವರ್ಷದಿಂದ ಚಕ್ಕುಲಿ ಒತ್ತುತ್ತಿದ್ದಳು. ಈಗ ಇಪ್ಪತ್ತೇಳು ವರ್ಷ. ದಿನಕ್ಕೆ ನಾನೂರ ಎಂಬತ್ತು ರೂಪಾಯಿ ಕೂಲಿ.

ಅಂಗಡಿ ರಸ್ತೆಯ ಕಡೆಗೆ, ಅಡುಗೆ ಕೋಣೆ ಅದರ ಹಿಂದೆ. ಹೆಂಗಸರು ಬರುವುದು ಪಕ್ಕದ ಸಂದಿಯಿಂದ. ಅಂಗಡಿಯ ಬೋರ್ಡಿನ ಮೇಲೆ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ 'ಮಡಿಯಿಂದ ತಯಾರಿಸಿದ್ದು' ಎಂದಿದೆ. ಆ ಸಾಲಿಗಾಗಿಯೇ ಬಸವನಗುಡಿ, ಮಲ್ಲೇಶ್ವರದಿಂದ ಜನ ಬರುತ್ತಾರೆ.

ಅಡುಗೆ ಕೋಣೆಯ ಬಾಗಿಲ ಪಕ್ಕ ಪಂಚಾಂಗದ ಕ್ಯಾಲೆಂಡರ್ ತೂಗುತ್ತದೆ. ಅದಕ್ಕೆ ದಾರದಲ್ಲಿ ಒಂದು ಪೆನ್ಸಿಲ್ ಕಟ್ಟಿದೆ. ಹೊರಗಾದ ಹೆಂಗಸು ಆ ದಿನದ ಚೌಕದಲ್ಲಿ ತನ್ನ ಹೆಸರಿನ ಮೊದಲಕ್ಷರ ಬರೆದು, ಪಕ್ಕದಲ್ಲಿ ಇಂಟು ಗುರುತು ಹಾಕಿ ಮನೆಗೆ ಹೋಗಬೇಕು. ಕೆಲಸದ ನಡುವೆ ಆದರೂ ಅಷ್ಟೇ. ಮನೆಯಲ್ಲೇ ಆದರೆ ಫೋನ್ ಮಾಡಬೇಕು, ಗುರುತನ್ನು ಇನ್ನೊಬ್ಬರು ಹಾಕುತ್ತಾರೆ. ಮೂರು ದಿನ ಒಳಗೆ ಬರುವಂತಿಲ್ಲ. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಬರಬೇಕು. ಮೂರು ದಿನಕ್ಕೆ ನಿಲ್ಲದಿದ್ದರೆ ನಿಲ್ಲುವವರೆಗೆ ಬರುವಂತಿಲ್ಲ. ಆ ದಿನಗಳಿಗೆ ಕೂಲಿ ಇಲ್ಲ.

ಈ ವರ್ಷ ಜನವರಿಯ ಹಾಳೆಯಲ್ಲಿ 'ಹೇ' ಇತ್ತು. ಫೆಬ್ರವರಿಯಲ್ಲಿ ಇರಲಿಲ್ಲ. ಮಾರ್ಚ್‌ನಲ್ಲಿ ಇರಲಿಲ್ಲ. ಏಪ್ರಿಲ್‌ನಲ್ಲೂ ಇರಲಿಲ್ಲ. ಹೇಮಶ್ರೀಗೆ ಹೀಗಾಗುವುದು ಹೊಸದೇನಲ್ಲ. ಹದಿನೇಳನೆಯ ವಯಸ್ಸಿನಿಂದಲೂ ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಆಗುತ್ತಿತ್ತು. ಈ ಸಲ ಮಾತ್ರ ಪೂರ್ತಿ ನಿಂತೇಹೋಯಿತು. ಗಲ್ಲದ ಮೇಲೆ ಕೂದಲು ದಪ್ಪವಾಯಿತು. ಹದಿನೈದು ದಿನಕ್ಕೊಮ್ಮೆ ಬ್ಯೂಟಿ ಪಾರ್ಲರಿನಲ್ಲಿ ನೂಲು ಹಾಕಿ ಕೀಳಿಸುತ್ತಿದ್ದಳು. ಕತ್ತಿನ ಹಿಂಭಾಗ ಕಪ್ಪಾಯಿತು.

ಯಜಮಾನಿ ಶೈಲಜಮ್ಮನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಕತ್ತು.

"ಅದೇನೇ ಅದು ಕೊಳೆ? ಉಜ್ಜಿ ಸ್ನಾನ ಮಾಡೇ. ತಿನ್ನೋ ಪದಾರ್ಥ ಮುಟ್ಟೋ ಕೈ."

ಹೇಮಶ್ರೀ ಮೈಯುಜ್ಜುವ ಕಲ್ಲಿನಲ್ಲಿ ಉಜ್ಜಿದಳು. ಚರ್ಮ ಸುಲಿದು ರಕ್ತ ಬಂತು. ಕಪ್ಪು ಹೋಗಲಿಲ್ಲ.

ಆದರೂ ಮೂರು ತಿಂಗಳು ಶೈಲಜಮ್ಮನಿಗೆ ಅವಳ ಮೇಲೆ ಪ್ರೀತಿಯೇ ಇತ್ತು. ಯುಗಾದಿಗೆ ಮುಂಚೆ ಎಲ್ಲರೆದುರು, "ನೋಡಿ ಕಲೀರ್ರೇ, ನಮ್ಮ ಹೇಮ ರಜಾನೇ ಹಾಕಲ್ಲ" ಎಂದಿದ್ದರು. ಮೇ ತಿಂಗಳಲ್ಲಿ ಒಂದು ದಿನ ಕ್ಯಾಲೆಂಡರ್ ತಿರುವಿ ಹಾಕುವಾಗ ಅವರ ಕೈ ನಿಂತಿತು. ಹಿಂದಿನ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಮತ್ತೆ ಮುಂದಕ್ಕೆ ಬಂದರು.

"ಹೇಮಾ, ಬಾರೇ ಇಲ್ಲಿ."

ಹಿಟ್ಟಿನ ಕೈಯಲ್ಲೇ ಹೋದಳು.

"ನಾಲ್ಕು ತಿಂಗಳಿಂದ ನಿನ್ನ ಗುರುತೇ ಇಲ್ಲ. ಮುಚ್ಚಿಟ್ಕೊಂಡು ಒಳಗೆ ಬರ್ತಿದೀಯ?"

"ಇಲ್ಲಮ್ಮಾ. ಆಗೇ ಇಲ್ಲ."

"ಆಗೇ ಇಲ್ವಾ? ಮದುವೆ ಆಗದ ಹುಡುಗಿ, ಆಗೇ ಇಲ್ಲ ಅಂದ್ರೆ ಏನೇ ಅರ್ಥ?"

ಒಳಗೆ ಹದಿಮೂರು ಹೆಂಗಸರಿದ್ದರು. ಯಾರ ಚಕ್ಕುಲಿ ಒರಳೂ ತಿರುಗಲಿಲ್ಲ. ಬಾಣಲೆಯ ಮುಂದೆ ಕೂತಿದ್ದ ಅಡುಗೆಯ ರಾಮಾನುಜ ಕೂಡ ಜಾಲರಿ ಎತ್ತಿ ಹಿಡಿದು ಕೇಳುತ್ತಿದ್ದರು. ಎಣ್ಣೆಯಲ್ಲಿದ್ದ ಚಕ್ಕುಲಿ ಕೆಂಪಾಗುತ್ತಿತ್ತು.

"ಎರಡರಲ್ಲಿ ಒಂದು" ಎಂದರು ಶೈಲಜಮ್ಮ. "ನನ್ನ ಅಡುಗೆಮನೆ ಮೈಲಿಗೆ ಮಾಡಿದೀಯ, ಇಲ್ಲ ಎಲ್ಲೋ ಎಡವಟ್ಟು ಮಾಡ್ಕೊಂಡಿದೀಯ. ಎಂಟು ದಿನದಲ್ಲಿ ಡಾಕ್ಟರ್ ಚೀಟಿ ತಾ. ಇಲ್ದಿದ್ರೆ ಬರಬೇಡ."

ಹೇಮಶ್ರೀ ಸರ್ಕಾರಿ ಆಸ್ಪತ್ರೆಗೆ ಹೋದಳು. ಸ್ಕ್ಯಾನಿಂಗಿಗೆ ನಲವತ್ತು ದಿನದ ನಂತರದ ತಾರೀಖು ಕೊಟ್ಟರು. ಅವಳಿಗೆ ಇದ್ದದ್ದು ಎಂಟು ದಿನ. ಮುನಿಯಮ್ಮ ಕೆಲಸದ ಮನೆಯೊಂದರಲ್ಲಿ ಮುಂಗಡ ಕೇಳಿದಳು. ಅವರು ಕೊಟ್ಟರು, ಕಾರಣವನ್ನೂ ಕೇಳಿದರು. ಹೊಟ್ಟೆನೋವು ಅಂದಳು.

ಬಸವನಗುಡಿಯ ಖಾಸಗಿ ಕ್ಲಿನಿಕ್. ಡಾಕ್ಟರ್ ಸುಪ್ರಜಾ ಮೊದಲು ಕೇಳಿದ್ದು ತಾರೀಖನ್ನು.

"ಕೊನೇ ಸಲ ಪೀರಿಯಡ್ಸ್ ಆಗಿದ್ದು ಯಾವತ್ತು?"

"ತಾರೀಖು ಅಂಗಡಿ ಗೋಡೆ ಮೇಲಿದೆ ಮೇಡಂ. ಜನವರೀಲಿ ಆಗಿತ್ತು."

ಡಾಕ್ಟರ್ ತಲೆ ಎತ್ತಿ ನೋಡಿದರು. ಮತ್ತೇನೂ ಕೇಳದೆ 'ಜನವರಿ' ಎಂದು ಬರೆದುಕೊಂಡರು.

ಸ್ಕ್ಯಾನಿಂಗಿಗೆ ಒಂದು ಲೀಟರ್ ನೀರು ಕುಡಿದು ಒಂದೂವರೆ ಗಂಟೆ ಕಾದಳು. ರಕ್ತ ಪರೀಕ್ಷೆಗೆ ಮೂರು ಸಣ್ಣ ಬಾಟಲಿ ತುಂಬಿಸಿದರು. ಫೀಸು ಎಂಟುನೂರು. ಸ್ಕ್ಯಾನು ಸಾವಿರದ ನಾನೂರು. ರಕ್ತ ಪರೀಕ್ಷೆ ನಾಲ್ಕು ಸಾವಿರದ ಇನ್ನೂರು. ಹದಿಮೂರು ದಿನ ಚಕ್ಕುಲಿ ಒತ್ತಿದರೂ ಅಷ್ಟು ಆಗುವುದಿಲ್ಲ.

"ಪಿಸಿಓಡಿ ಅಂತಾರಲ್ಲ, ಅದು" ಎಂದರು ಡಾಕ್ಟರ್. "ಹೆದರೋ ಅಂಥದ್ದಲ್ಲ. ತುಂಬಾ ಹೆಣ್ಮಕ್ಕಳಿಗಿದೆ. ಕತ್ತು ಕಪ್ಪಾಗಿರೋದೂ ಅದಕ್ಕೇ. ಉಜ್ಜಬೇಡಿ, ಅದು ಕೊಳೆ ಅಲ್ಲ. ಗಲ್ಲದ ಕೂದಲೂ ಅದೇ. ಆದರೆ ಹೀಗೇ ತಿಂಗಳುಗಟ್ಟಲೆ ಬಿಡಬಾರದು. ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ, ಮುಂದೆ ಅಪಾಯ. ಶುಗರ್ ಬರಬಹುದು. ಮಾತ್ರೆ ಬಿಡಂಗಿಲ್ಲ. ದಿನಾ ನಲವತ್ತು ನಿಮಿಷ ವಾಕ್ ಮಾಡಿ. ಸಿಹಿ, ಕರಿದಿದ್ದು ಕಡಿಮೆ ಮಾಡಿ. ಏನು ಕೆಲಸ ನಿಮ್ದು?"

"ಚಕ್ಕುಲಿ ಮಾಡ್ತೀನಿ."

ಡಾಕ್ಟರ್ ನಕ್ಕರು. ಹೇಮಶ್ರೀಯೂ ನಗಬೇಕೆಂದುಕೊಂಡಳು. ನಗು ಬರಲಿಲ್ಲ.

"ಇಎಸ್‌ಐ ಇಲ್ವಾ? ಇದ್ದಿದ್ರೆ ಇಷ್ಟು ಖರ್ಚು ಆಗ್ತಿರಲಿಲ್ಲ."

ಇದನ್ನು ಅವಳು ಆತ್ರೇಯನನ್ನು ಕೇಳಿದಳು. ಆತ್ರೇಯ ಶೈಲಜಮ್ಮನ ಅಳಿಯ. ಕೌಂಟರಿನಲ್ಲಿ ಕೂರುವವನು.

"ಹತ್ತು ಜನ ಇದ್ರೆ ಇಎಸ್‌ಐ ಕಣಮ್ಮ" ಎಂದ. "ನಮ್ಮಲ್ಲಿ ಇರೋದು ಎಂಟೇ ಜನ."

ಹೇಮಶ್ರೀ ಒಳಗೆ ನೋಡಿದಳು. ಹದಿಮೂರು ತಲೆ ಕಾಣುತ್ತಿದ್ದವು. ಆತ್ರೇಯನೂ ಅತ್ತ ನೋಡಿದ.

"ಪುಸ್ತಕದಲ್ಲಿ ಎಂಟು" ಎಂದ.

ಡಾಕ್ಟರ್ ಚೀಟಿಯನ್ನು ಶೈಲಜಮ್ಮ ಎರಡು ಸಲ ಓದಿದರು. "ಸದ್ಯ, ಬಸಿರಲ್ಲ" ಎಂದು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಸಂದಿಯಲ್ಲಿ ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದವನೂ ತಿರುಗಿ ನೋಡಿದ. "ಸರಿ, ಮಾತ್ರೆ ತಗೋ. ಎಲ್ಲರ ಹಾಗೆ ತಿಂಗಳು ತಿಂಗಳು ಸರಿಯಾಗಿ ಆಗಲಿ. ನನಗೂ ನಿಶ್ಚಿಂತೆ."

ಮೊದಲು ಹತ್ತು ದಿನ ನುಂಗುವ ಮಾತ್ರೆ. ಅದು ಮುಗಿದ ನಾಲ್ಕನೆಯ ದಿನ ಕೆಲಸದ ನಡುವೆ ಶುರುವಾಯಿತು. ಜೂನ್ ತಿಂಗಳ ಒಂದು ಚೌಕದಲ್ಲಿ 'ಹೇ' ಬರೆದು, ಇಂಟು ಹಾಕಿ, ಗೋಡೆ ಹಿಡಿದುಕೊಂಡು ಸಂದಿಯಿಂದ ಹೊರಗೆ ಬಂದಳು. ನಾಲ್ಕು ತಿಂಗಳದ್ದು ಒಟ್ಟಿಗೇ ಹರಿದ ಹಾಗೆ ಹರಿಯಿತು. ಎಂಟು ದಿನ. ಎಂಟು ದಿನ ಕೂಲಿ ಇಲ್ಲ.

ಆಮೇಲೆ ದಿನಕ್ಕೊಂದು ನುಂಗುವ ಮಾತ್ರೆ, ಇಪ್ಪತ್ತೊಂದರ ಸ್ಟ್ರಿಪ್. ಅದು ಗರ್ಭ ನಿಲ್ಲದಂತೆ ನುಂಗುವ ಮಾತ್ರೆ ಎಂದು ಅವಳಿಗೆ ಗೊತ್ತಾದದ್ದು ಮೆಡಿಕಲ್ ಶಾಪಿನಲ್ಲಿ. ಅಂಗಡಿಯವನು ಚೀಟಿ ನೋಡಿ, ಅವಳ ಬರಿಗತ್ತು ನೋಡಿ, ಕಾಲ್ಬೆರಳು ನೋಡಿ, ಸ್ಟ್ರಿಪ್ಪನ್ನು ಕಪ್ಪು ಕವರಿನಲ್ಲಿ ಹಾಕಿಕೊಟ್ಟ. ಮುನ್ನೂರ ಎಂಬತ್ತು. ಸಕ್ಕರೆ ಕಾಯಿಲೆಗೆ ಕೊಡುವ ಮಾತ್ರೆ ಬೇರೆ, ತಿಂಗಳಿಗೆ ತೊಂಬತ್ತು.

ಜುಲೈನಲ್ಲಿ ಮುಟ್ಟು ಹನಿಹನಿಯಾಗಿ ಬಂತು. ಒಂದು ದಿನ ಬಟ್ಟೆಗೆ ಕಲೆ, ಒಂದು ದಿನ ಏನೂ ಇಲ್ಲ, ಮತ್ತೆ ಕಲೆ. ಡಾಕ್ಟರಿಗೆ ಫೋನ್ ಮಾಡಿದಳು. "ಮೊದಲ ಮೂರು ತಿಂಗಳು ಹಾಗಾಗೋದು ಸಹಜ. ನಿಲ್ಲಿಸಬೇಡಿ. ನಿಮ್ಮ ಕೆಲಸ ನೀವು ಮಾಡ್ಕೊಂಡು ಇರಿ" ಎಂದರು. ಶೈಲಜಮ್ಮನ ಲೆಕ್ಕದಲ್ಲಿ ಕಲೆಯೂ ಹೊರಗೇ. ಒಂಬತ್ತು ದಿನ.

ಆ ತಿಂಗಳು ಹೇಮಶ್ರೀ ಒಂದು ಮಾತು ಕೇಳಿದಳು. "ಅಮ್ಮಾ, ಆ ದಿನಗಳಲ್ಲಿ ಸಂದಿಯಲ್ಲೇ ಕೂತು ಬಾಕ್ಸಿಗೆ ಲೇಬಲ್ ಅಂಟಿಸ್ತೀನಿ. ಒಳಗೆ ಬರಲ್ಲ. ಅರ್ಧ ಕೂಲಿ ಕೊಡಿ."

"ಲೇಬಲ್ ಮೇಲೆ ದೇವರ ಪಟ ಇದೆ ಕಣೇ."

"ಹಾಗಾದ್ರೆ ಏನಾದ್ರೂ ಕೊಡಿ. ಮಾತ್ರೆಗೆ ಆಗೋವಷ್ಟು."

"ಹೊರಗಿನ ದಿನಗಳಿಗೆ ಯಾರೇ ಕೂಲಿ ಕೊಡ್ತಾರೆ?" ಶೈಲಜಮ್ಮನಿಗೆ ಸಿಟ್ಟು ಬಂದಿರಲಿಲ್ಲ. ನಿಜಕ್ಕೂ ಆಶ್ಚರ್ಯವಾಗಿತ್ತು. "ನಾನೇನು ಮಾತ್ರೆ ತಗೋಬೇಡ ಅಂದ್ನಾ?"

ಮಾತ್ರೆ ತೆಗೆದುಕೊಂಡರೆ ಕೂಲಿ ಇಲ್ಲ. ಕೂಲಿ ಇಲ್ಲದಿದ್ದರೆ ಮಾತ್ರೆ ಇಲ್ಲ. ಮಾತ್ರೆ ಬಿಟ್ಟರೆ ಮುಟ್ಟು ನಿಲ್ಲುತ್ತದೆ, ಕೂಲಿ ಬರುತ್ತದೆ, ಒಳಗೆ ಪದರ ಬೆಳೆಯುತ್ತದೆ. ಹೇಮಶ್ರೀ ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಒಂದೇ ಜಾಗಕ್ಕೆ ಬಂದು ಮುಟ್ಟುತ್ತಿತ್ತು. ಕೊನೆಗೆ ಯೋಚಿಸುವುದನ್ನು ಬಿಟ್ಟಳು. ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗುವುದನ್ನು ಮಾತ್ರ ಬಿಡಲಿಲ್ಲ.

ಅವಳ ಪಕ್ಕದ ಮಣೆಯಲ್ಲಿ ಕೂರುವ ಸರ್ವಮಂಗಳಾಗೆ ಐವತ್ತೊಂದು ವರ್ಷ. ಎಲ್ಲರಿಗೂ ಮಂಗಳಕ್ಕ. ಒಂದು ದಿನ ಹಿಟ್ಟು ನಾದುತ್ತ ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

"ನಂದು ನಿಂತು ಎರಡು ವರ್ಷ ಆಯ್ತು ಕಣೇ."

"ಮತ್ತೆ ತಿಂಗಳು ತಿಂಗಳು ಇಂಟು ಹಾಕ್ತೀಯಲ್ಲಕ್ಕ?"

"ಹಾಕದೇ ಇದ್ರೆ ಮುದುಕಿ ಆದ್ಲು ಅಂತ ತೆಗೆದುಹಾಕ್ತಾಳೆ. ಮೂರು ದಿನದ ಕೂಲಿ ಹೋದ್ರೆ ಹೋಗ್ಲಿ. ಇಪ್ಪತ್ತಮೂರು ದಿನದ್ದು ಉಳಿಯುತ್ತಲ್ಲ." ಮಂಗಳಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಆ ಹಾಳೆ ಮೇಲಿರೋದ್ರಲ್ಲಿ ಅರ್ಧ ಸುಳ್ಳು. ನಿಂದೊಂದೇ ನಿಜ. ಅದಕ್ಕೇ ನಿನಗೆ ಈ ಗತಿ."

ಆಗಸ್ಟಿನಲ್ಲಿ ಮತ್ತೆ ಬಂತು. ಮೂರು ದಿನ, ಐದು ದಿನ, ಏಳು ದಿನ. ಹತ್ತನೆಯ ದಿನ ಸಂಜೆ ಶೈಲಜಮ್ಮನೇ ಫೋನ್ ಮಾಡಿದರು.

"ಮುಗೀತೇನೇ?"

"ಇಲ್ಲಮ್ಮಾ. ಇನ್ನೂ ಕಲೆ ಇದೆ."

"ಕಲೆ ತಾನೇ? ನಲವತ್ತು ಕೇಜಿ ಆರ್ಡರ್ ಇದೆ, ಇಬ್ಬರು ಊರಿಗೆ ಹೋಗಿದಾರೆ. ಮುಗೀತು ಅಂದ್ಕೋ. ನಾಳೆ ತಲೆಗೆ ಸ್ನಾನ ಮಾಡಿ ಬಂದ್ಬಿಡು."

"ಮತ್ತೆ ಹೋದ ತಿಂಗಳು ಕಲೆಗೇ ಒಂಬತ್ತು ದಿನ ಕೂರಿಸಿದ್ರಲ್ಲಮ್ಮಾ?"

ಆ ಕಡೆ ಶೈಲಜಮ್ಮನ ದನಿ ಗಟ್ಟಿಯಾಯಿತು.

"ಹಬ್ಬದ ಟೈಮಲ್ಲಿ ವಾದ ಮಾಡಬೇಡ. ಬರ್ತೀಯೋ, ಬೇರೆಯವರನ್ನ ನೋಡ್ಕೊಳ್ಲೋ?"

ಹಾಗಾಗಿ ಹನ್ನೊಂದನೆಯ ದಿನ ಬೆಳಗ್ಗೆ ಆರೂವರೆಗೆ ಹೇಮಶ್ರೀ ತನ್ನ ಮಣೆಯ ಮೇಲೆ ಕೂತಿದ್ದಳು. ಬಾಗಿಲು ದಾಟುವಾಗ ಕ್ಯಾಲೆಂಡರ್ ನೋಡಿದ್ದಳು. ಹತ್ತು ಚೌಕಗಳಲ್ಲಿ 'ಹೇ', ಹತ್ತು ಇಂಟು. ಮಂಗಳಕ್ಕನ ಅಕ್ಷರ. ಹನ್ನೊಂದನೆಯ ಚೌಕ ಖಾಲಿ.

ಹಿತ್ತಾಳೆ ಒರಳಿಗೆ ಹಿಟ್ಟು ತುಂಬಬೇಕು. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹಿಡಿ ತಿರುಗಿಸಬೇಕು. ಒದ್ದೆ ಬಟ್ಟೆಯ ಮೇಲೆ ಮೂರು ಸುತ್ತು, ತುದಿ ಒತ್ತಬೇಕು. ಮತ್ತೆ ಮೂರು ಸುತ್ತು. ಒಂಬತ್ತು ಗಂಟೆಗೆ ಅವಳ ಬಲಭುಜ ಬಿಗಿಯಿತು. ಸೊಂಟದಿಂದ ಕೆಳಗೆ ಜೋಮು. ಒಂಬತ್ತೂವರೆಗೆ ಬಚ್ಚಲಿಗೆ ಹೋಗಿ ಬಂದಳು. ಯಾರೂ ಏನೂ ಕೇಳಲಿಲ್ಲ. ಹತ್ತೂವರೆಯ ಹೊತ್ತಿಗೆ ಮುನ್ನೂರ ಐವತ್ತಕ್ಕೂ ಹೆಚ್ಚು ಒತ್ತಿದ್ದಳು. ರಾಮಾನುಜ ಕರಿದು ತಟ್ಟೆಗೆ ಹಾಕಿದ್ದೇ ತಡ, ಆತ್ರೇಯ ಬಂದು ಹೊತ್ತೊಯ್ಯುತ್ತಿದ್ದ. ಆರಲು ಬಿಡುವಷ್ಟೂ ಪುರಸೊತ್ತಿರಲಿಲ್ಲ.

ಅಂಗಡಿಯಲ್ಲಿ ಜನ ರಸ್ತೆಯವರೆಗೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಬಸವನಗುಡಿಯ ಕೋಕಿಲಾ, ನಿವೃತ್ತ ಹೈಸ್ಕೂಲ್ ಟೀಚರ್, ಇಪ್ಪತ್ತು ವರ್ಷದಿಂದ ಗಿರಾಕಿ. ಬಟ್ಟೆ ಚೀಲ ಹಿಡಿದು ನಿಂತಿದ್ದರು. ಮೂರು ಕೇಜಿ ಆರ್ಡರ್.

"ನೈವೇದ್ಯಕ್ಕೆ ಶೈಲಜಾ. ಮಡೀಲೇ ಮಾಡಿಸಿದ್ದು ತಾನೇ? ಈಗೆಲ್ಲ ಯಾರನ್ನ ನಂಬೋದೋ ಗೊತ್ತಾಗಲ್ಲ."

"ಏನ್ ಕೇಳ್ತೀರಿ ಕೋಕಿಲಮ್ಮ! ನಮ್ಮಲ್ಲಿ ಹೊರಗಾದ ಹೆಂಗಸು ಹೊಸಿಲು ತುಳಿಯಲ್ಲ. ಗೋಡೆ ಮೇಲೆ ತಾರೀಖು ಸಮೇತ ಬರೆಸಿಟ್ಟಿದೀನಿ. ಬೇಕಾದ್ರೆ ಕೇಳಿ ನೀವೇ. ಹೇಮಾ! ಬಾರೇ ಇಲ್ಲಿ. ಹೇಳು ಇವರಿಗೆ."

ಹೇಮಶ್ರೀ ಎದ್ದಳು. ಕೈ ತೊಳೆಯಲಿಲ್ಲ. ಅಡುಗೆ ಕೋಣೆಗೂ ಅಂಗಡಿಗೂ ನಡುವಿನ ಹೊಸಿಲ ಮೇಲೆ ಬಂದು ನಿಂತಳು. ಕೋಕಿಲಮ್ಮ ಅವಳನ್ನು ನೋಡಿ ಒಳ್ಳೆಯ ಮನಸ್ಸಿನಿಂದಲೇ ನಕ್ಕರು.

ಅವಳಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಡಾಕ್ಟರ್ ಕೇಳಿದಾಗ ತಾರೀಖು ಗೊತ್ತಿರಲಿಲ್ಲ. ಈಗ ಗೊತ್ತಿತ್ತು.

"ನನಗೆ ಇವತ್ತು ಹನ್ನೊಂದನೇ ದಿನ" ಎಂದಳು. "ಇನ್ನೂ ನಿಂತಿಲ್ಲ. ಬೆಳಗ್ಗೆಯಿಂದ ಮುನ್ನೂರ ಐವತ್ತು ಚಕ್ಕುಲಿ ಒತ್ತಿದೀನಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಏನಂದೆ?" ಎಂದರು ಶೈಲಜಮ್ಮ.

"ನೀವೇ ಅಂದ್ರಲ್ಲಮ್ಮಾ ಫೋನಲ್ಲಿ, ಮುಗೀತು ಅಂದ್ಕೋ ಅಂತ. ನಾನು ಅಂದ್ಕೊಂಡೆ. ಅದು ಅಂದ್ಕೊಳ್ಳಲಿಲ್ಲ."

"ಸುಳ್ಳು ಹೇಳ್ತಾಳೆ. ಇವಳಿಗೆ ಕಾಯಿಲೆ ಕೋಕಿಲಮ್ಮ, ಹಾರ್ಮೋನು ಸರಿಯಿಲ್ಲ, ತಲೆ ಕೆಟ್ಟಿದೆ. ನಡಿಯೇ ಒಳಗೆ!"

"ಮೂರು ತಿಂಗಳಲ್ಲಿ ಇಪ್ಪತ್ತೇಳು ದಿನ ಹೊರಗೆ ಕೂತಿದೀನಿ. ಕೂಲಿ ಇಲ್ಲ. ಆಗ ಕಲೆ ಬಿದ್ರೂ ಮೈಲಿಗೆ. ಇವತ್ತು ಆರ್ಡರ್ ಇದೆ, ಮೈಲಿಗೆ ಇಲ್ಲ. ಅದನ್ನೂ ಹೇಳಿ ಇವರಿಗೆ."

"ನಡಿ ಆಚೆ! ನಾಳೆಯಿಂದ ಬರಬೇಡ. ಇವತ್ತೇ, ಈಗಲೇ ನಡಿ!"

"ಹೋಗ್ತೀನಿ. ಒಂದು ಕೆಲಸ ಉಳಿದಿದೆ."

ಅವಳು ಒಳಗೆ ಹೋದಳು. ಹಿಟ್ಟು ಮೆತ್ತಿದ ಕೈಯಲ್ಲೇ ದಾರದ ಪೆನ್ಸಿಲ್ ಹಿಡಿದಳು. ಹನ್ನೊಂದನೆಯ ಚೌಕದಲ್ಲಿ 'ಹೇ' ಎಂದು ಬರೆದಳು. ಪಕ್ಕದಲ್ಲಿ ಇಂಟು ಹಾಕಿದಳು. ಒಳಗಿದ್ದವರು ನೋಡುತ್ತಿದ್ದರು. ಮಂಗಳಕ್ಕ ತಲೆ ತಗ್ಗಿಸಿ ಒರಳು ತಿರುಗಿಸುತ್ತಿದ್ದಳು. ಅದರಲ್ಲಿ ಹಿಟ್ಟೇ ಇರಲಿಲ್ಲ.

ಬ್ಯಾಗು ತೆಗೆದುಕೊಂಡು ಹೇಮಶ್ರೀ ಸಂದಿಯ ಕಡೆ ತಿರುಗಲಿಲ್ಲ. ಹೊಸಿಲು ದಾಟಿ ಅಂಗಡಿಗೆ ಬಂದಳು. ಗಾಜಿನ ಡಬ್ಬಿಗಳ ನಡುವೆ ಹಾದು, ಸಾಲಿನಲ್ಲಿ ನಿಂತವರ ಪಕ್ಕದಿಂದ ಹೊರಟಳು. ಜನ ಸೀರೆ, ಪ್ಯಾಂಟು ಎಳೆದುಕೊಂಡು ದಾರಿ ಬಿಟ್ಟರು. ಆರು ವರ್ಷದಲ್ಲಿ ಅವಳು ಮುಂಬಾಗಿಲಿನಿಂದ ಆಚೆ ಬಂದದ್ದು ಅದೇ ಮೊದಲು.

ಮೆಟ್ಟಿಲಿಳಿದು ಚಪ್ಪಲಿಗಾಗಿ ನೋಡಿದಳು. ಚಪ್ಪಲಿ ಸಂದಿಯಲ್ಲಿತ್ತು. ಅದನ್ನು ತರಲು ಸುತ್ತಿ ಹೋಗಬೇಕಾಯಿತು. ಸುತ್ತುವಾಗ ಹಿಂದಿನಿಂದ ಕೋಕಿಲಮ್ಮನ ದನಿ ಕೇಳಿಸಿತು.

"ಆತ್ರೇಯ, ನನ್ನದು ನಿನ್ನೆ ಮಾಡಿದ್ದು ತಾನೇ?"

"ನಿನ್ನೇದೇ ಅಮ್ಮ. ನಿಮಗೆ ಅಂತ ನಿನ್ನೇನೇ ತೆಗೆದಿಟ್ಟಿದ್ದೆ."

ಹೇಮಶ್ರೀ ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಬಂದಾಗ ಕೋಕಿಲಮ್ಮ ಆಟೋ ಹತ್ತುತ್ತಿದ್ದರು. ಚೀಲದ ಬಾಯಿ ತೆರೆದಿತ್ತು. ಪ್ಲಾಸ್ಟಿಕ್ ಕವರಿನ ಒಳಗೆಲ್ಲ ಬಿಸಿ ಹಬೆ ಕೂತು ನೀರಾಗಿತ್ತು. ಇಬ್ಬರೂ ಅದನ್ನು ನೋಡಿದರು. ಕೋಕಿಲಮ್ಮ ಚೀಲದ ಬಾಯಿ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಆಟೋ ಹೋಯಿತು.

ಮನೆಗೆ ಬಂದು ಹೇಮಶ್ರೀ ಮಲಗಿದಳು. ಸಂಜೆ ಮುನಿಯಮ್ಮ ಬಂದು ಕೇಳಿದಳು, ಇವಳು ಹೇಳಿದಳು. ಮುನಿಯಮ್ಮ ಬಹಳ ಹೊತ್ತು ಕಾಲು ಒತ್ತಿಕೊಳ್ಳುತ್ತ ಕೂತಿದ್ದಳು. ಆಮೇಲೆ, "ಮಾತ್ರೆ ಎಷ್ಟಿದೆ?" ಎಂದಳು.

"ಆರು."

"ಊಟ ಮಾಡಿ ತಗೋ."

ಸೋಮವಾರ ಬೆಳಗ್ಗೆ ಏಳಕ್ಕೆ ಹೇಮಶ್ರೀ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತಳು. ಕಿಟಕಿಯಲ್ಲಿದ್ದ ಹೆಂಗಸು ತಲೆ ಎತ್ತದೆ ಕೊನೆಯ ಮುಟ್ಟಿನ ತಾರೀಖು ಕೇಳಿದಳು. ಹೇಮಶ್ರೀ ಶುರುವಾದ ದಿನ, ನಿಂತ ದಿನ ಎರಡನ್ನೂ ಹೇಳಿದಳು. ನಿಂತದ್ದು ಹದಿಮೂರನೆಯ ದಿನ, ಹಬ್ಬದ ಮರುದಿನ. ಮಾತ್ರೆ ಇಲ್ಲಿ ಸಿಗುತ್ತದೆಯೇ ಎಂದು ಕೇಳಿದಳು. ಡಾಕ್ಟರ್ ಬರೆದರೆ ಸಿಗುತ್ತದೆ, ಸ್ಟಾಕ್ ಇದ್ದರೆ, ಎಂದು ಉತ್ತರ ಬಂತು. ಡಾಕ್ಟರ್ ಕೋಣೆಯ ಮುಂದಿನ ಸಾಲಿನಲ್ಲಿ ಅವಳಿಗಿಂತ ಮೊದಲು ನಲವತ್ತಕ್ಕೂ ಹೆಚ್ಚು ಜನ ಇದ್ದರು.

ಸಾಲಿನಲ್ಲಿದ್ದಾಗಲೇ ಮಂಗಳಕ್ಕ ಫೋನ್ ಮಾಡಿದಳು. ಕ್ಯಾಲೆಂಡರಿನ ಆಗಸ್ಟ್ ಹಾಳೆಯನ್ನು ಶೈಲಜಮ್ಮ ಅವತ್ತೇ ಕಿತ್ತುಹಾಕಿದ್ದರು. ಹೇಮಶ್ರೀ ಒತ್ತಿದ ಚಕ್ಕುಲಿಯನ್ನು ಬಿಸಾಡಲಿಲ್ಲ. ಹಬ್ಬದ ಹಿಂದಿನ ದಿನ ಸಂಜೆ ಆರು ಗಂಟೆಗೆ ನಲವತ್ತು ಕೇಜಿಯೂ ಖಾಲಿಯಾಯಿತು. ಒಂದು ಪ್ಯಾಕೆಟ್ಟೂ ವಾಪಸ್ ಬರಲಿಲ್ಲ.